ರಜೆಗೆ ಹೋಗುವ ಹಾಗೆ ಗಲ್ಫ್ ಬಿಟ್ಟು ಬರಬಹುದೇ?

ಪ್ರಶ್ನೆ: ನಾವು ಕಾಪು ಕಡೆಯವರು. ಶಾರ್ಜಾದಲ್ಲಿ 16 ವರ್ಷವಾಯಿತು. ಯಜಮಾನರು ಅಷ್ಟೂ ವರ್ಷ ಒಂದೇ ಕಂಪನಿಯಲ್ಲಿ ಅಕೌಂಟೆಂಟ್. ವರ್ಷಕ್ಕೊಮ್ಮೆ ಒಂದು ತಿಂಗಳು ಊರಿಗೆ ಬಂದು ಹೋಗುತ್ತೇವೆ. ಮಗಳು ಸಿಬಿಎಸ್‌ಇ ಒಂಬತ್ತನೇ ತರಗತಿ, ಮಗ ಮೂರನೇ ತರಗತಿ. ಕಳೆದ ಮಳೆಗಾಲದಲ್ಲಿ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಈಗ ಕೋಲು ಹಿಡಿದು ಓಡಾಡುತ್ತಾರೆ, ಆದರೆ ಮನೆಯಲ್ಲಿ ಒಬ್ಬರೇ. ಹಾಗಾಗಿ ಬರುವ ಮಾರ್ಚ್‌ನಲ್ಲೇ ಪೂರ್ತಿ ಬಂದುಬಿಡೋಣ ಎಂದು ಯಜಮಾನರು ನಿರ್ಧರಿಸಿದ್ದಾರೆ. ಯಾರಿಗೂ ಹೇಳುವುದು ಬೇಡ, ರಜೆಗೆ ಹೋಗುವ ಹಾಗೆ ಹೋಗಿಬಿಡೋಣ, ಮಕ್ಕಳಿಗೂ ಊರು ಮುಟ್ಟಿದ ಮೇಲೆ ಹೇಳೋಣ ಎನ್ನುತ್ತಾರೆ. ಮಗಳಿಗೆ ಹೇಗೋ ಗೊತ್ತಾಗಿ ಒಂದು ವಾರದಿಂದ ಮಾತು ಬಿಟ್ಟಿದ್ದಾಳೆ. ಪಕ್ಕದ ಫ್ಲಾಟಿನಲ್ಲಿ ಕರಾಚಿಯ ಕುಟುಂಬವಿದೆ. ನನ್ನ ಮಗನನ್ನು ಅರ್ಧ ಸಾಕಿದ್ದು ಅವರೇ. ಅವರಿಗೂ ಹೇಳದೆ ಬರುವುದು ಹೇಗೆ? ದುಡ್ಡು, ಶಾಲೆ ವಿಷಯದಲ್ಲಿ ಏನೇನು ನೋಡಿಕೊಳ್ಳಬೇಕು?

ಉತ್ತರ: ನಾನು ಮಂಗಳೂರಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್. ಗಲ್ಫ್ ಬಿಟ್ಟು ಬಂದವರ ಫೈಲುಗಳೇ ನನ್ನ ಮೇಜಿನ ಮೇಲೆ ಜಾಸ್ತಿ. ಬೀಳ್ಕೊಡುಗೆಯ ಬಗ್ಗೆ ಲೆಕ್ಕದವರನ್ನು ಕೇಳುವವರು ಕಡಿಮೆ. ಆದರೂ ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ಅರ್ಧಂಬರ್ಧ ಬಿಟ್ಟು ಬಂದವರ ಫೈಲು ವರ್ಷಗಟ್ಟಲೆ ಮುಚ್ಚುವುದಿಲ್ಲ. ಎರಡು ಮಾತು ನೇರವಾಗಿ ಹೇಳಿಬಿಡುತ್ತೇನೆ. ಹೇಳದೆ ಬರಬೇಡಿ. ಮತ್ತೆ ಈ ಮಾರ್ಚ್ ಬೇಡ, ಮುಂದಿನ ವರ್ಷದ ಮಾರ್ಚ್‌ಗೆ ಬನ್ನಿ.

ರಜೆಗೆ ಬರುವವರಿಗೆ ಸೂಟ್‌ಕೇಸ್ ತುಂಬಿಸಿದರೆ ಸಾಕು. ಬಿಟ್ಟು ಬರುವವರಿಗೆ ಹತ್ತಾರು ಕಡೆ ಸಹಿ ಬೇಕು. ನಿಮ್ಮ ಮತ್ತು ಮಕ್ಕಳ ವೀಸಾ ಯಜಮಾನರ ಹೆಸರಿನ ಮೇಲೆ ಇರುತ್ತದೆ. ಮೊದಲು ನಿಮ್ಮ ಮೂವರದ್ದು ರದ್ದಾಗಬೇಕು, ಆಮೇಲೆ ಅವರದ್ದು. ಬಾಡಿಗೆ ಕರಾರು ಮುಗಿಸಬೇಕು. ಶಾರ್ಜಾದ ಕರೆಂಟು, ನೀರಿನ ಸಂಸ್ಥೆ ‘ಸೇವಾ’ದಲ್ಲಿ ಕೊನೆಯ ಬಿಲ್ಲು ಕಟ್ಟಿ ಡೆಪಾಸಿಟ್ ವಾಪಸ್ ಪಡೆಯಬೇಕು. ಕಾರು ಮಾರಬೇಕು. ಕ್ರೆಡಿಟ್ ಕಾರ್ಡ್ ಮುಚ್ಚಿಸಿ, ಬಾಕಿ ಏನೂ ಇಲ್ಲ ಎಂಬ ಪತ್ರವನ್ನು ಬ್ಯಾಂಕಿನಿಂದ ಕೈಗೆ ತೆಗೆದುಕೊಳ್ಳಬೇಕು. ಇಷ್ಟೆಲ್ಲ ಮಾಡುವಾಗ ಕಟ್ಟಡದ ಕಾವಲುಗಾರ ನಾತೂರ್‌ನಿಂದ ಹಿಡಿದು ಕಂಪನಿಯ ಡ್ರೈವರ್‌ವರೆಗೆ ಎಲ್ಲರಿಗೂ ಗೊತ್ತಾಗಿಯೇ ಆಗುತ್ತದೆ. ಗುಟ್ಟು ಗುಟ್ಟಾಗಿ ಉಳಿಯುವುದು ನಿಮ್ಮನ್ನು ನಿಜವಾಗಿ ಹಚ್ಚಿಕೊಂಡ ನಾಲ್ಕು ಜನರ ಪಾಲಿಗೆ ಮಾತ್ರ.

ವೀಸಾ ರದ್ದು ಮಾಡಿಸದೆ ಊರಲ್ಲಿ ಕೂತರೆ ಅದು ತಾನಾಗಿಯೇ ಹೋಗುತ್ತದಲ್ಲ, ಸುಮ್ನೆ ಯಾಕೆ ತಲೆನೋವು ಎನ್ನುವವರೂ ಇದ್ದಾರೆ. ಸಾಮಾನ್ಯವಾಗಿ 180 ದಿನ ದಾಟಿ ಹೊರಗಿದ್ದರೆ ಯುಎಇಯ ರೆಸಿಡೆನ್ಸಿ ಬಿದ್ದುಹೋಗುತ್ತದೆ, ನಿಜ. ಆದರೆ ಸಾಲ ಬೀಳುವುದಿಲ್ಲ, ಅದಕ್ಕೆ ಬಡ್ಡಿ ಬೆಳೆಯುತ್ತದೆ. ಬ್ಯಾಂಕು ಕೇಸು ಹಾಕಿದ್ದರೆ, ನಾಲ್ಕು ವರ್ಷ ಬಿಟ್ಟು ತಮ್ಮನ ಮಗನ ಮದುವೆಗೆಂದು ದುಬೈಗೆ ಹೋದಾಗ ಇಮಿಗ್ರೇಶನ್ ಕೌಂಟರಿನಲ್ಲಿ ಅದು ಎದ್ದು ನಿಲ್ಲಬಹುದು.

ಇನ್ನು ಯಜಮಾನರು ಯಾಕೆ ಹೀಗೆ ಹೇಳುತ್ತಾರೆ ಎಂದು ಸ್ವಲ್ಪ ಯೋಚಿಸಿ. ಅವರು ಅಕೌಂಟೆಂಟ್. ನಾನು ಮೇಲೆ ಬರೆದದ್ದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ಹೇಳುತ್ತಿದ್ದಾರೆ ಎಂದರೆ ಕಾರಣ ಬೇರೆ. ನಮ್ಮ ಕಡೆ ತಲೆಗೂದಲು ಪೂರ್ತಿ ಹಣ್ಣಾಗುವ ಮೊದಲು ಗಲ್ಫಿನಿಂದ ಬಂದವನನ್ನು ಜನ ಒಂದೇ ಪ್ರಶ್ನೆ ಕೇಳುತ್ತಾರೆ: ಕೆಲಸ ಹೋಯಿತಾ? ಅಮ್ಮನಿಗಾಗಿ ಬಂದೆ ಎಂದರೆ ಎದುರಿಗೆ ಹೂಂ ಎನ್ನುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಬೇರೆಯೇ ಮಾತಾಡುತ್ತಾರೆ. ಆ ಭಯ ಒಂದು. ಇನ್ನೊಂದು, ಊರಲ್ಲಿ ಹೊಂದಿಕೆಯಾಗದಿದ್ದರೆ ಆರು ತಿಂಗಳಲ್ಲಿ ವಾಪಸ್ ಹೋಗಬಹುದು, ಆಗ ಯಾರ ಎದುರೂ ತಲೆ ತಗ್ಗಿಸುವುದು ಬೇಡ ಎಂಬ ಲೆಕ್ಕ. ಅವರ ಜೊತೆ ಇದನ್ನೇ ಬಿಡಿಸಿ ಮಾತಾಡಿ. ವಾಪಸ್ ಹೋಗುವ ದಾರಿ ಇರಲಿ ಎನ್ನುವುದು ತಪ್ಪೇನಲ್ಲ. ಆದರೆ ಆ ದಾರಿ ಉಳಿಯುವುದು ಕೆಲಸವನ್ನು ಚೊಕ್ಕವಾಗಿ ಮುಗಿಸಿ, ಮ್ಯಾನೇಜರ್ ಕೈಕುಲುಕಿ, ಅನುಭವ ಪತ್ರ ಹಿಡಿದು ಬಂದವರಿಗೆ.

ಗ್ರಾಚ್ಯುಟಿ ಲೆಕ್ಕ ಅವರಿಗೆ ಬಾಯಿಪಾಠವಿರಬಹುದು, ನಿಮಗೂ ಗೊತ್ತಿರಲಿ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಒಟ್ಟು ಎರಡು ವರ್ಷದ ಸಂಬಳ ದಾಟುವಂತಿಲ್ಲ. ಅಂದರೆ 17 ವರ್ಷ ತುಂಬಿಸಿ ಬಂದರೆ 465 ದಿನದ ಮೂಲ ವೇತನ, ಹದಿನೈದೂವರೆ ತಿಂಗಳಿನದು. ಕೈಗೆ ಬರುವ ಪೂರ್ತಿ ಸಂಬಳ ಅಲ್ಲ, ಬರೀ ಬೇಸಿಕ್. ಮನೆಯವರು ಇಲ್ಲಿಯೇ ಎಡವುತ್ತಾರೆ, ಮನಸ್ಸಿನಲ್ಲಿ ದೊಡ್ಡ ಮೊತ್ತ ಹಾಕಿಕೊಂಡು ಆಗಲೇ ಮನೆ ಮೇಲೆ ಮಹಡಿ ಕಟ್ಟಿಸಿರುತ್ತಾರೆ. ಕೆಲಸ ಮುಗಿದ 14 ದಿನದೊಳಗೆ ಕಂಪನಿ ಇದನ್ನು ಕೊಡಬೇಕು. ಆ ದುಡ್ಡು ಮೊದಲು ಶಾರ್ಜಾದ ಖಾತೆಗೇ ಬೀಳಲಿ, ಅಲ್ಲಿಂದ ಊರಿಗೆ ಕಳಿಸಿ. ನೇರವಾಗಿ ಇಲ್ಲಿನ ಖಾತೆಗೆ ಹಾಕಿಸಿದರೆ ಭಾರತದಲ್ಲಿ ಕೈಸೇರಿದ ಆದಾಯ ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ದುಡ್ಡು ಬರುವವರೆಗೆ ಅಲ್ಲಿನ ಖಾತೆ ಮುಚ್ಚಬೇಡಿ. ಹೊರದೇಶದಲ್ಲಿ ನೆಲೆಸಿದ್ದಾಗ ಗಳಿಸಿದ ಆಸ್ತಿ, ಖಾತೆಗಳನ್ನು ಊರಿಗೆ ಬಂದ ಮೇಲೂ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾನೂನು ಬಿಡುತ್ತದೆ.

ಈಗ ಮಗಳ ವಿಷಯ. ಈ ಮಾರ್ಚ್ ಬೇಡ ಎಂದದ್ದು ಮುಖ್ಯವಾಗಿ ಅವಳಿಗಾಗಿ. ಸಿಬಿಎಸ್‌ಇಯಲ್ಲಿ ಹತ್ತನೆಯ ಪರೀಕ್ಷೆಗೆ ಹೆಸರು ನೋಂದಣಿ ಒಂಬತ್ತರಲ್ಲೇ ಆಗುತ್ತದೆ. ನೇರ ಹತ್ತಕ್ಕೆ ಶಾಲೆ ಬದಲಿಸುವುದು ಆಗದ ಕೆಲಸವಲ್ಲ, ಕುಟುಂಬ ಸ್ಥಳಾಂತರವಾಗುತ್ತಿದೆ ಎಂದು ಕಾಗದ ಕೊಟ್ಟು ಅನುಮತಿ ಪಡೆಯಬೇಕು. ಆದರೆ ಹೊಸ ಊರು, ಹೊಸ ಕ್ಲಾಸು, ಮೊದಲ ಮಳೆಗಾಲ, ಬೋರ್ಡ್ ಪರೀಕ್ಷೆ ಎಲ್ಲ ಒಂದೇ ವರ್ಷಕ್ಕೆ ಬಂದು ಬೀಳುತ್ತವೆ. ಮಾತು ಬಿಟ್ಟು ಕೂತ ಹುಡುಗಿಗೆ ಇದು ಜಾಸ್ತಿಯಾಯಿತು. ಹತ್ತು ಅಲ್ಲಿಯೇ ಮುಗಿಯಲಿ. ಪಿಯುಸಿಗೆ ಇಲ್ಲಿ ಎಲ್ಲರೂ ಹೊಸಬರೇ. ಕುಂದಾಪುರದಿಂದ ಬಂದವಳು, ಬೆಳ್ತಂಗಡಿಯಿಂದ ಬಂದವಳು, ಶಾರ್ಜಾದಿಂದ ಬಂದವಳು, ಮೂವರೂ ಒಂದೇ ಬೆಂಚಿನಲ್ಲಿ ಪಿಳಿಪಿಳಿ ನೋಡುತ್ತಾ ಕೂರುತ್ತಾರೆ.

ಇದರಲ್ಲಿ ಇನ್ನೊಂದು ಲಾಭವಿದೆ. ಗಲ್ಫಿನ ತುಂಬ ಮಂದಿಗೆ ಇದು ಗೊತ್ತಿಲ್ಲ. ಸಿಇಟಿಯಲ್ಲಿ ಕರ್ನಾಟಕದ ಸೀಟಿಗೆ ಅರ್ಹತೆ ಬೇಕಾದರೆ ಮಕ್ಕಳು ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿರಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಅದೊಂದೇ ಅಲ್ಲ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದು, ಮಗು 11 ಮತ್ತು 12ನೇ ತರಗತಿಯನ್ನು ಇಲ್ಲಿಯೇ ಓದಿ ಪಾಸಾದರೆ, ಆ ಕಲಮಿನಲ್ಲೂ ಅರ್ಹತೆ ಸಿಗುತ್ತದೆ. ಆದ್ದರಿಂದ ಮಗಳು ಹತ್ತು ಮುಗಿಸಿ ಬಂದರೆ ಏನೂ ಕಳೆದುಕೊಳ್ಳುವುದಿಲ್ಲ. ಆದರೆ ಪಿಯುಸಿಯ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಎಂದು ಮಾತ್ರ ಮಾಡಬೇಡಿ. ಕಾಲೇಜಿಗೆ ಬೇಗ ಅರ್ಜಿ ಹಾಕಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಹೆಸರು ಮಾಡಿದ ಪಿಯು ಕಾಲೇಜುಗಳ ಸೀಟು ಹತ್ತನೆಯ ಫಲಿತಾಂಶ ಬರುವ ಮೊದಲೇ ಬುಕ್ ಆಗಿರುತ್ತದೆ. ಟಿಸಿಗೆ ಅಲ್ಲಿನ ಯಾವ ಯಾವ ಕಚೇರಿಯ ದೃಢೀಕರಣ ಬೇಕು ಎಂಬುದನ್ನು ಇಲ್ಲಿನ ಕಾಲೇಜಿಗೇ ಫೋನ್ ಮಾಡಿ ಕೇಳಿಕೊಳ್ಳಿ. ಊರಿಗೆ ಬಂದ ಮೇಲೆ ಒಂದು ಮೊಹರಿಗಾಗಿ ಕಾಗದ ವಾಪಸ್ ಕಳಿಸುವುದು ದೊಡ್ಡ ರಗಳೆ.

ಮಗನದು ಅಷ್ಟು ಕಷ್ಟವಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ ಇಲ್ಲಿ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಕಲಿಯಲೇಬೇಕು. ಮನೆಯಲ್ಲಿ ತುಳು ಮಾತಾಡುವ ಮಗುವಿಗೆ ಕನ್ನಡ ಕಿವಿಗೆ ಹೊಸದಾಗಿರುವುದಿಲ್ಲ, ಅಕ್ಷರ ಮಾತ್ರ ಹೊಸದು. ಈ ವರ್ಷದಿಂದಲೇ ಶುರುಮಾಡಿ. ಅವನಿಗೆ ನಿಜವಾಗಿ ಬೇಜಾರಾಗುವುದು ಬೇರೆ ವಿಷಯಕ್ಕೆ. ಶಾರ್ಜಾದಲ್ಲಿ 2022ರಿಂದ ವಾರಕ್ಕೆ ಮೂರು ದಿನ ರಜೆ, ಇಲ್ಲಿ ಎಷ್ಟೋ ಶಾಲೆಗಳಲ್ಲಿ ಶನಿವಾರವೂ ಕ್ಲಾಸು. ಮೊದಲೇ ಹೇಳಿಟ್ಟಿರಿ ಮಾರಾಯ್ರೆ.

ಹಾಗಾದರೆ ಅತ್ತೆಯನ್ನು ಇನ್ನೊಂದು ವರ್ಷ ಒಬ್ಬರೇ ಬಿಡುವುದಾ ಎಂದು ನೀವು ಕೇಳುತ್ತೀರಿ. ಬಿಡಬೇಡಿ. ಈಗಲೇ ಹೋಂ ನರ್ಸ್ ಗೊತ್ತುಮಾಡಿ. ಅಂಗಳದ ಪಾಚಿ ಕೆರೆಸಿ, ಬಚ್ಚಲುಮನೆಯಲ್ಲಿ ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಹಾಕಿಸಿ, ಜಾರದ ಟೈಲ್ಸ್ ಕೂರಿಸಿ. ಸೊಂಟ ಮುರಿದವರಿಗೆ ಮಗನಿಗಿಂತ ಮೊದಲು ಆ ಕಂಬಿ ಬೇಕು. ನೀವು ಮಕ್ಕಳನ್ನು ಕರೆದುಕೊಂಡು ಮೊದಲು ಬರುವುದು, ಯಜಮಾನರು ಆಮೇಲೆ ಬರುವುದು ಎಂಬ ಸಲಹೆಯೂ ನಿಮಗೆ ಬಂದೇ ಬರುತ್ತದೆ. ಕರಾವಳಿಯ ಎಷ್ಟೋ ಮನೆಗಳು ಹಾಗೆಯೇ ನಡೆದಿವೆ. ನನಗೆ ಅದು ಹಿಡಿಸುವುದಿಲ್ಲ. ‘ಆಮೇಲೆ’ ಎಂಬುದು ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಎರಡು ಮನೆಯ ಖರ್ಚಿನಲ್ಲಿ ಉಳಿತಾಯವೂ ಕರಗುತ್ತದೆ.

ಇನ್ನು ಬೀಳ್ಕೊಡುಗೆ. ಮಕ್ಕಳಿಗೆ ಇವತ್ತೇ ಹೇಳಿ, ಇಬ್ಬರನ್ನೂ ಕೂರಿಸಿಕೊಂಡು, ತಂದೆಯ ಬಾಯಿಂದಲೇ. ಮಗಳು ಮಾತು ಬಿಟ್ಟದ್ದು ಊರಿಗೆ ಹೋಗಬೇಕೆಂಬ ಕಾರಣಕ್ಕೇ ಇರಲಿಕ್ಕಿಲ್ಲ. ತನ್ನ ಬದುಕಿನ ಸುದ್ದಿ ತನಗೇ ಕೊನೆಗೆ ಗೊತ್ತಾಯಿತಲ್ಲ ಎಂಬ ಸಿಟ್ಟು ಅದು. ಒಂದು ವರ್ಷ ಮುಂದಕ್ಕೆ ಹಾಕಿದ್ದೇವೆ, ಅದು ನಿನಗಾಗಿ ಎಂದಾಗ ಅರ್ಧ ಸಿಟ್ಟು ಇಳಿಯುತ್ತದೆ. ಉಳಿದರ್ಧವನ್ನು ಇಳಿಸಲು ಹೋಗಬೇಡಿ. ಅವಳು ಹುಟ್ಟಿದ ಮೇಲೆ ನೋಡಿದ್ದೇ ಆ ಊರು, ಕಾಪು ನಿಮ್ಮ ಊರು. ಅಳುವುದಾದರೆ ಅಳಲಿ. ಪ್ರತಿ ರಜೆಗೆ ಶಾರ್ಜಾಕ್ಕೆ ಕರೆದುಕೊಂಡು ಬರುತ್ತೇವೆ ಎಂಬ ಮಾತು ಮಾತ್ರ ಕೊಡಬೇಡಿ. ನಾಲ್ಕು ಜನರ ಟಿಕೆಟು, ವಿಸಿಟ್ ವೀಸಾ, ಹೋಟೆಲು ಸೇರಿಸಿದರೆ ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಗೆಳತಿಯರ ಜೊತೆ ಹೇಗೆ ಮುಗಿಸಬೇಕು ಎಂಬುದನ್ನು ಅವಳೇ ಗೊತ್ತುಮಾಡಲಿ. ದೊಡ್ಡವರ ಪಾರ್ಟಿಯ ಮೂಲೆಯಲ್ಲಿ ಕೇಕು ಹಿಡಿದು ನಿಲ್ಲಿಸಿದರೆ ಅದು ಅವಳ ವಿದಾಯ ಆಗುವುದಿಲ್ಲ.

ದೊಡ್ಡವರ ಪಾರ್ಟಿ ಎಂದೆನಲ್ಲ. ಊರಿನವರ ಸಂಘ, ಕಂಪನಿಯವರು, ಎಲ್ಲರೂ ಕೊನೆಯ ಎರಡು ವಾರ ಊಟಕ್ಕೆ ಕರೆಯುತ್ತಾರೆ. ಶಾಲು, ಫಲಕ, ಗ್ರೂಪ್ ಫೋಟೋ. ಹೋಗಿ ಬನ್ನಿ. ಆದರೆ ಅವರಲ್ಲಿ ಹೆಚ್ಚಿನವರನ್ನು ಊರಿನ ಮದುವೆಗಳಲ್ಲಿ ಮತ್ತೆ ನೋಡಿಯೇ ನೋಡುತ್ತೀರಿ. ಕರಾಚಿಯವರ ಕತೆ ಹಾಗಲ್ಲ. ಅವರು ಕಾಪುವಿಗೆ ಬರಲಾರರು, ನೀವು ಕರಾಚಿಗೆ ಹೋಗಲಾರಿರಿ. ಎರಡೂ ದೇಶದ ಪಾಸ್‌ಪೋರ್ಟಿನ ಕಷ್ಟ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದೇ ಮೆಟ್ಟಿಲಿನ ಅಕ್ಕಪಕ್ಕದ ಬಾಗಿಲಿನಲ್ಲಿ ಬದುಕಲು ಶಾರ್ಜಾದಂಥ ಮೂರನೆಯ ಊರೇ ಬೇಕಾಯಿತು. ಹಾಗಾಗಿ ಅವರಿಗೆ ಎಲ್ಲರಿಗಿಂತ ಮೊದಲು ಹೇಳಿ, ತಿಂಗಳುಗಳ ಮೊದಲೇ ಹೇಳಿ. ಮಗನನ್ನು ಸಾಕಿದ ಆ ತಾಯಿಗೂ ಮನಸ್ಸು ಸಜ್ಜು ಮಾಡಿಕೊಳ್ಳಲು ಸಮಯ ಬೇಕು. ಮಗ ಅವರ ಮನೆಯಲ್ಲಿ ಆಟವಾಡುವ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಎರಡು ಆಲ್ಬಂ ಮಾಡಿ, ಒಂದು ಅವರಿಗೆ, ಒಂದು ನಿಮಗೆ. ಫೋನಿನಲ್ಲಿದ್ದದ್ದು ಫೋನಿನ ಜೊತೆಯೇ ಹೋಗುತ್ತದೆ. ನಿಮಗೆ ಅವರ ಮನೆಯ ಬಿರಿಯಾನಿ, ಅವರಿಗೆ ನಿಮ್ಮ ನೀರುದೋಸೆ ಇಷ್ಟವಾಗಿದ್ದರೆ ಪಕ್ಕದಲ್ಲಿ ನಿಂತು ಮಾಡುವುದನ್ನು ಕಲಿತುಕೊಳ್ಳಿ, ಕಲಿಸಿಕೊಡಿ. ನಾತೂರ್, ಮೂಲೆಯ ದಿನಸಿ ಅಂಗಡಿ ಬಕಾಲಾದ ಹುಡುಗ, ಸ್ಕೂಲ್ ಬಸ್ಸಿನ ಆಂಟಿ, ಇವರಿಗೂ ಹೇಳಿ. ಇವರನ್ನು ಯಾರೂ ಪಾರ್ಟಿಗೆ ಕರೆಯುವುದಿಲ್ಲ.

ಸಾಮಾನಿನ ಬಗ್ಗೆ ಒಂದೇ ಮಾತು. ಲೆದರ್ ಸೋಫಾ ಕಾರ್ಗೋದಲ್ಲಿ ಹಾಕಬೇಡಿ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರಿಗೆ ಬರುತ್ತಿದ್ದೀರಿ. ಜೋರು ಮಳೆಯ ಆಟಿ ತಿಂಗಳು ಮುಗಿಯುವುದರೊಳಗೆ ಅದರ ಮೇಲೆ ಬೂಸ್ಟು ಹತ್ತಿರುತ್ತದೆ.

ತೆರಿಗೆಯ ಲೆಕ್ಕ ನಿಮ್ಮ ವಿಷಯದಲ್ಲಿ ಸುಲಭ. ವರ್ಷಕ್ಕೆ ಒಂದೇ ತಿಂಗಳು ಬಂದವರು ನೀವು. ಮಾರ್ಚ್ ಕೊನೆಗೆ ಬಂದಿಳಿದರೆ ಆ ಆರ್ಥಿಕ ವರ್ಷಕ್ಕೆ ಅನಿವಾಸಿಗಳೇ. ಏಪ್ರಿಲ್ 1ರಿಂದ ಶುರುವಾಗುವ ವರ್ಷದಲ್ಲಿ 182 ದಿನ ದಾಟುವುದರಿಂದ ನಿವಾಸಿ ಆಗುತ್ತೀರಿ, ಆದರೆ ಪೂರ್ತಿ ನಿವಾಸಿ ಅಲ್ಲ. ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿಯಾಗಿದ್ದವರಿಗೆ, ಅಥವಾ ಹಿಂದಿನ 7 ವರ್ಷದಲ್ಲಿ ಒಟ್ಟು 729 ದಿನ ಮೀರದೆ ಇಲ್ಲಿದ್ದವರಿಗೆ ನಡುವಿನ ಒಂದು ದರ್ಜೆ ಸಿಗುತ್ತದೆ. ಆರ್‌ಎನ್‌ಒಆರ್ ಎನ್ನುತ್ತಾರೆ. ನಿಮಗೆ ಅದು ಎರಡು ವರ್ಷ ಸಿಗುತ್ತದೆ. ಆ ಎರಡು ವರ್ಷ ಹೊರದೇಶದಲ್ಲಿ ಹುಟ್ಟುವ ಬಡ್ಡಿ, ಬಾಡಿಗೆಗೆ ಇಲ್ಲಿ ತೆರಿಗೆ ಇಲ್ಲ. ಮೂರನೆಯ ವರ್ಷದಿಂದ ಅದೂ ತೆರಿಗೆಗೆ ಸೇರುತ್ತದೆ, ಅಲ್ಲಿನ ಖಾತೆಗಳನ್ನು ರಿಟರ್ನ್‌ನಲ್ಲಿ ತೋರಿಸಬೇಕಾಗುತ್ತದೆ.

ಜನ ಸಿಕ್ಕಿಬೀಳುವುದು ಎರಡು ಕಡೆ. ಒಂದು, ಎನ್‌ಆರ್‌ಇ ಖಾತೆ, ಅಂದರೆ ಹೊರಗೆ ಗಳಿಸಿದ ದುಡ್ಡನ್ನು ರೂಪಾಯಿಯಲ್ಲಿ ಇಡುವ ಅನಿವಾಸಿಗಳ ಖಾತೆ. ಪೂರ್ತಿ ಬಂದ ದಿನದಿಂದ ಫೆಮಾ ಪ್ರಕಾರ ನೀವು ನಿವಾಸಿ. ಮೇಲೆ ಹೇಳಿದ ಎರಡು ವರ್ಷದ ರಿಯಾಯಿತಿ ಇದಕ್ಕೆ ಅನ್ವಯಿಸುವುದಿಲ್ಲ. ಬ್ಯಾಂಕಿಗೆ ಹೇಳಿ ಆ ಖಾತೆಯನ್ನು ಸಾಮಾನ್ಯ ಖಾತೆಯಾಗಿ ಬದಲಿಸಬೇಕು, ಅಥವಾ ದುಡ್ಡನ್ನು ಆರ್‌ಎಫ್‌ಸಿ ಎಂಬ ವಿದೇಶಿ ಹಣದ ಖಾತೆಗೆ ಹಾಕಬೇಕು. ಎಫ್‌ಸಿಎನ್‌ಆರ್, ಅಂದರೆ ಅನಿವಾಸಿಗಳು ವಿದೇಶಿ ಹಣದಲ್ಲೇ ಇಡುವ ಠೇವಣಿ ಇದ್ದರೆ ಅವಧಿ ಮುಗಿಯುವವರೆಗೆ ಇಡಬಹುದು. ‘ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ’ ಎಂದುಕೊಂಡು ಬಂದ ಮೇಲೂ ಖಾತೆಯನ್ನು ಹಾಗೆಯೇ ಓಡಿಸುವವರು ಬೇಕಾದಷ್ಟು ಜನ. ಆ ವಿನಾಯಿತಿ ಹೊರಗೆ ನೆಲೆಸಿರುವವರೆಗೆ ಮಾತ್ರ.

ಎರಡನೆಯದು ಯಜಮಾನರಿಗೆ. ಅವರ ಕಂಪನಿ ‘ಊರಿನಿಂದಲೇ ನಮ್ಮ ಲೆಕ್ಕ ನೋಡಿಕೊಡಿ’ ಎನ್ನಬಹುದು. ಒಪ್ಪಿಕೊಳ್ಳಲಿ, ಚೆನ್ನಾಗಿಯೇ ಇರುತ್ತದೆ. ಆದರೆ ಕಾಪುವಿನಲ್ಲಿ ಕೂತು ಮಾಡಿದ ಕೆಲಸದ ಸಂಬಳ ದಿರ್ಹಮಿನಲ್ಲಿ ಬಂದರೂ ಭಾರತದ ಆದಾಯವೇ. ಅದಕ್ಕೆ ಮೊದಲ ವರ್ಷದಿಂದಲೇ ತೆರಿಗೆ ಇದೆ.

ಹೆಲ್ತ್ ಇನ್ಶೂರೆನ್ಸ್ ಈಗಲೇ ಮಾಡಿಸಿ, ಬಂದ ಮೇಲೆ ಅಲ್ಲ. ಕಂಪನಿಯ ವಿಮೆ ವೀಸಾ ರದ್ದಾದಾಗ ಮುಗಿಯುತ್ತದೆ. ಇಲ್ಲಿನ ಪಾಲಿಸಿಯಲ್ಲಿ ಮೊದಲೇ ಇರುವ ಬಿಪಿ, ಶುಗರ್‌ನಂಥ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ಒಂದು ವರ್ಷ ಮೊದಲು ತೆಗೆದುಕೊಂಡರೆ ಅಷ್ಟು ಕಾಯುವುದು ಕಡಿಮೆ.

ಬಂದ ಮೇಲಿನ ಮೊದಲ ವರ್ಷ ಗ್ರಾಚ್ಯುಟಿ ದುಡ್ಡನ್ನು ಮುಟ್ಟಬೇಡಿ. ಮಂಗಳೂರಿನಲ್ಲಿ ಫ್ಲಾಟು, ಹೆದ್ದಾರಿ ಬದಿ ಹೋಟೆಲು, ಭಾವನ ಜೊತೆ ಪಾಲುದಾರಿಕೆ, ಎಲ್ಲ ಪ್ರಸ್ತಾಪವೂ ಮೊದಲ ಮೂರು ತಿಂಗಳಲ್ಲೇ ಬರುತ್ತವೆ. ಅಡಿಕೆ ತೋಟದ ಆಸೆ ಇದ್ದರೆ ಮಾತ್ರ ಕಾಯುವುದಕ್ಕೆ ಕಾನೂನಿನ ಕಾರಣವೂ ಇದೆ. ಅನಿವಾಸಿಯಾಗಿದ್ದಾಗ ಕೃಷಿಭೂಮಿ ಕೊಳ್ಳುವಂತಿಲ್ಲ, ಮರಳಿ ಬಂದ ಮೇಲೆ ಕೊಳ್ಳಬಹುದು. ದೈವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ, ಕಬಡ್ಡಿ ಟೂರ್ನಮೆಂಟಿಗೆ ರಶೀದಿ ಪುಸ್ತಕ ಹಿಡಿದು ಬರುವವರಿಗೆ ನೀವು ಇನ್ನೂ ಕೆಲವು ವರ್ಷ ಗಲ್ಫಿನವರೇ. ವರ್ಷಕ್ಕೆ ಇಂತಿಷ್ಟು ಎಂದು ಗಂಡ ಹೆಂಡತಿ ಕೂತು ಗೊತ್ತುಮಾಡಿಕೊಳ್ಳಿ. ಅದು ಮುಗಿದ ಮೇಲೆ ‘ಈಗ ಸಂಬಳ ಇಲ್ಲ’ ಎಂದು ನಗುತ್ತಲೇ ಹೇಳಿ. ಒಂದೆರಡು ಸಲ ಮುಜುಗರವಾಗುತ್ತದೆ, ಮೂರನೆಯ ಸಲ ಆಗುವುದಿಲ್ಲ.

ಅತ್ತೆಯ ಜೊತೆ ಮಾತಾಡಬೇಕಾದ್ದು ಅಡುಗೆಮನೆಯ ಬಗ್ಗೆ. ತಿಂಗಳ ರಜೆಯಲ್ಲಿ ಅದು ಅವರದ್ದಾಗಿತ್ತು, ನೀವು ನೆಂಟರು. ನೀವೋ 16 ವರ್ಷ ನಿಮ್ಮದೇ ಅಡುಗೆಮನೆ ನಡೆಸಿದವರು. ಇಬ್ಬರೂ ಒಳ್ಳೆಯವರಾದರೂ ತಿಕ್ಕಾಟ ಬಂದೇ ಬರುತ್ತದೆ. ಬೆಳಗಿನ ಕೆಲಸ ಯಾರದ್ದು, ಮೀನಿನವಳ ಹತ್ತಿರ ಚೌಕಾಶಿ ಯಾರದ್ದು ಎಂಬುದನ್ನು ಬರುವ ಮೊದಲೇ ಫೋನಿನಲ್ಲಿ ತಮಾಷೆಯಾಗಿಯೇ ಮಾತಾಡಿಟ್ಟುಕೊಳ್ಳಿ. ನನ್ನ ಅನಿಸಿಕೆ ಕೇಳಿದರೆ, ಮೀನಿನ ಚೌಕಾಶಿ ಅತ್ತೆಗೇ ಬಿಡಿ.

ಈ ಸಲದ ರಜೆಯಲ್ಲಿ ಒಂದು ಕೆಲಸ ಮುಗಿಸಿಬಿಡಿ. ನೀವಿಬ್ಬರೂ ಓದಿದ ಶಾಲೆಗಳಿಗೆ ಹೋಗಿ 7 ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ. ಮಗಳ ಸಿಇಟಿಗೆ ಬೇಕಾಗುವುದು ಅದೇ. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯ ಮೇಲುಸಹಿ ಬೇಕು. ನಮ್ಮ ಕಡೆ ಎಷ್ಟೋ ಹಳೆಯ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಮುಚ್ಚಿವೆ. ನಿಮ್ಮದೂ ಮುಚ್ಚಿದ್ದರೆ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ ಎಲ್ಲಿಗೆ ಹೋಗಿದೆ ಎಂದು ಆ ಕಚೇರಿಯಲ್ಲೇ ಕೇಳಬೇಕು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಅಲ್ಲಿಗೆ ರಜೆ, ಬೇರೆ ದಿನ ಹೋಗಿ.